ಸಾಲ್ವಿಯಾ: ಕಿತ್ತೆಸೆಯಬೇಡಿ, ಕೂಳೆ ಬಿಡಿ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಕಡೆ ಯಾವ ಕಂಪನಿಯ ಗೇಟಿನ ಮುಂದೆ ಹೋದರೂ ಒಂದು ಹೂವು ಕಣ್ಣಿಗೆ ಬೀಳುತ್ತೆ. ಕೆಂಪು ಇಲ್ಲವೇ ನೀಲಿ ಬಣ್ಣ. ತುಳಸಿ ಕದಿರಿನ ಹಂಗೆ ನೆಟ್ಟಗೆ ನಿಂತ ತೆನೆ. ಅದೇ ಸಾಲ್ವಿಯಾ. ಮೂರು ತಿಂಗಳು ಬಿಟ್ಟು ಅದೇ ಗೇಟಿಗೆ ಹೋಗಿ ನೋಡಿ. ಸಾಲ್ವಿಯಾ ಇರುವುದಿಲ್ಲ. ಆ ಜಾಗದಲ್ಲಿ ಚೆಂಡು ಹೂವೋ ಪೆಟೂನಿಯಾನೋ ಕೂತಿರುತ್ತೆ. ಹಾಗಾದರೆ ಆ ಸಾಲ್ವಿಯಾ ಎಲ್ಲಿಗೆ ಹೋಯ್ತು? ಕಾಂಪೌಂಡಿನ ಹಿಂದಿನ ಕಸದ ಗುಡ್ಡೆಗೆ.

ನಾನು ಈ ಲೇಖನದಲ್ಲಿ ಹೇಳಬೇಕಾದ್ದು ಒಂದೇ ಮಾತು. ನಮ್ಮ ಬೆಂಗಳೂರು ಸೀಮೆಯ ಹವೆಯಲ್ಲಿ ಸಾಲ್ವಿಯಾ ಒಂದು ಸಲ ಹೂಬಿಟ್ಟು ಸಾಯುವ ಗಿಡ ಅಲ್ಲ. ಕಾಲಕಾಲಕ್ಕೆ ಸವರಿ, ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಮೂರು ವರ್ಷ ಹೂ ಕೊಡುತ್ತೆ. ಅದರ ಕಡ್ಡಿಯಿಂದ ಬೇಕಾದಷ್ಟು ಸಸಿಯೂ ಆಗುತ್ತೆ. ಇದನ್ನು ನಾನು ಪುಸ್ತಕ ಓದಿ ಕಲಿತಿದ್ದಲ್ಲ. ಕಸದ ಗುಡ್ಡೆಯಿಂದ ಕಲಿತಿದ್ದು.

ತಿಪ್ಪೆಯಿಂದ ಬಂದ ಗಿಡ

ನಮ್ಮದು ಸರ್ಜಾಪುರದ ಕಡೆ ಮಳೆ ನಂಬಿದ ಹೊಲ. ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ. ನಮ್ಮೂರಿನ ಹೆಣ್ಣುಮಕ್ಕಳು ಬಹಳ ಜನ ಈಗ ಕಂಪನಿ, ಅಪಾರ್ಟ್‌ಮೆಂಟುಗಳ ಗಾರ್ಡನ್ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಮನೆಯವಳೂ ಹೋಗುತ್ತಾಳೆ. 2021ರ ಜುಲೈನಲ್ಲಿ ಒಂದು ಸಾಯಂಕಾಲ ಗೋಣಿಚೀಲದಲ್ಲಿ ಒಣಗಿದ ಗಿಡಗಳನ್ನು ಹೊತ್ತುಕೊಂಡು ಬಂದಳು. "ಹೂವು ಮುಗೀತು ಅಂತ ಎಲ್ಲಾ ಕೀಳಿಸಿಬಿಟ್ರು ಕಣ್ರೀ. ಬೇರು ಇನ್ನೂ ಹಸಿ ಐತೆ, ನೋಡಿ" ಅಂದಳು.

ನಾನು ನೋಡಿದೆ. ತೆನೆಯೆಲ್ಲಾ ಕಂದು ಬಣ್ಣಕ್ಕೆ ತಿರುಗಿತ್ತು. "ಸತ್ತ ಗಿಡ ತಂದು ಏನು ಮಾಡ್ತೀಯ, ಹಸುವೂ ಮುಟ್ಟಲ್ಲ" ಅಂದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಪ್ಪುನೇರಳೆ ಕಡ್ಡಿ ಕತ್ತರಿಸಿದ ಹಂಗೆ ಗೇಣುದ್ದ ಬಿಟ್ಟು ಮೇಲಿನದನ್ನೆಲ್ಲಾ ಕತ್ತರಿಸಿದಳು. ಬಚ್ಚಲ ಹಿಂದೆ ಬದುವಿನ ಮೇಲೆ ನೆಟ್ಟಳು. ಒಟ್ಟು 30 ಗಿಡ. ಹದಿನೈದು ದಿನಕ್ಕೆ 19 ಗಿಡ ಚಿಗುರಿದವು. ಗೌರಿ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಬದುವೆಲ್ಲಾ ನೀಲಿ ಆಯ್ತು. ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಗಿಡ ನೋಡಲು ಶುರು ಮಾಡಿದೆ.

ಒಂದು ಕಾಲದ ಹೂ ಅನ್ನುವುದು ಯಾಕೆ?

ಬೀಜದ ಪೊಟ್ಟಣದ ಮೇಲೆ ಕೆಂಪು ಸಾಲ್ವಿಯಾ ಒಂದೇ ಕಾಲದ ಹೂ ಅಂತ ಬರೆದಿರುತ್ತಾರೆ. ಅದು ಸುಳ್ಳಲ್ಲ, ಆದರೆ ಆ ಮಾತು ಚಳಿದೇಶದ್ದು. ಅಲ್ಲಿ ಚಳಿಗಾಲಕ್ಕೆ ನೆಲವೇ ಹೆಪ್ಪುಗಟ್ಟುತ್ತೆ. ಹಿಮ ಬಿದ್ದ ರಾತ್ರಿಯೇ ಈ ಗಿಡ ಕಪ್ಪಾಗಿ ಸಾಯುತ್ತೆ. ಅದಕ್ಕೇ ಅಲ್ಲಿಯವರು ವರ್ಷ ವರ್ಷ ಹೊಸದಾಗಿ ಬಿತ್ತುತ್ತಾರೆ.

ನಮ್ಮಲ್ಲಿ ಹಿಮ ಎಲ್ಲಿದೆ? ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಸೊನ್ನೆಗೆ ಇಳಿದದ್ದೇ ಇಲ್ಲ. ಕೆಂಪು ಸಾಲ್ವಿಯಾದ ತೌರು ಬ್ರೆಜಿಲ್. ನೀಲಿ ಸಾಲ್ವಿಯಾದ ತೌರು ಅಮೆರಿಕದ ಟೆಕ್ಸಾಸ್ ಮತ್ತು ಮೆಕ್ಸಿಕೊ. ತೌರಿನಲ್ಲಿ ಇವೆಲ್ಲಾ ವರ್ಷಗಟ್ಟಲೆ ಬದುಕುವ ಗಿಡಗಳು. ನಮ್ಮಲ್ಲಿಯೂ ಹಂಗೇ ಬದುಕುತ್ತವೆ, ನಾವು ಬಿಟ್ಟರೆ.

ಇನ್ನೊಂದು ಕಾರಣ ಪ್ರದರ್ಶನದ ಅಭ್ಯಾಸ. ಲಾಲ್‌ಬಾಗಿನಲ್ಲಿ ಜನವರಿ 26 ಮತ್ತು ಆಗಸ್ಟ್ 15ರ ಹೊತ್ತಿಗೆ ಫಲಪುಷ್ಪ ಪ್ರದರ್ಶನ ನಡೆಯುತ್ತೆ. ಆ ದಿನಕ್ಕೆ ಸರಿಯಾಗಿ ಕುಂಡದಲ್ಲಿ ಹೂ ಬರಬೇಕು, ಮುಗಿದ ಮೇಲೆ ತೆಗೆಯಬೇಕು. ಪ್ರದರ್ಶನಕ್ಕೆ ಅದು ಸರಿ. ಆದರೆ ಕಂಪನಿ ತೋಟದವರೂ ಮನೆಯವರೂ ಅದೇ ಅಭ್ಯಾಸ ಹಿಡಿದರೆ ವರ್ಷಕ್ಕೆ ನಾಲ್ಕು ಸಲ ದುಡ್ಡು ಕೊಟ್ಟು ನಾಲ್ಕು ಸಲ ಕಿತ್ತೆಸೆದಂಗೆ ಆಗುತ್ತೆ. ಸಾಲ್ವಿಯಾ ಅನ್ನುವ ಹೆಸರು ಬಂದಿರುವುದೇ ಲ್ಯಾಟಿನ್ ಭಾಷೆಯ "ಉಳಿಸು, ವಾಸಿ ಮಾಡು" ಅನ್ನುವ ಅರ್ಥದ ಮಾತಿನಿಂದ. ಉಳಿಸು ಅನ್ನುವ ಹೆಸರಿನ ಗಿಡವನ್ನೇ ನಾವು ಎಸೆಯುತ್ತಿದ್ದೇವೆ.

ನಮ್ಮ ತುಂಬೆ, ತುಳಸಿಯ ನೆಂಟ

ಹೆಸರು ಹೊಸದು ಅಂತ ಹೆದರಬೇಕಾಗಿಲ್ಲ. ಸಾಲ್ವಿಯಾದ ಎಳೆ ಕಾಂಡವನ್ನು ಎರಡು ಬೆರಳಿನಲ್ಲಿ ಹಿಡಿದು ಉರುಳಿಸಿ. ದುಂಡಗಿಲ್ಲ, ನಾಲ್ಕು ಮೂಲೆ ಇದೆ. ಎಲೆಗಳು ಎದುರುಬದುರಾಗಿ ಜೋಡಿ ಜೋಡಿ. ಹೂವಿಗೆ ಮೇಲೊಂದು ಕೆಳಗೊಂದು ತುಟಿ. ನಮ್ಮ ತುಳಸಿ, ಕಾಮಕಸ್ತೂರಿ, ಮರುಗ, ದೊಡ್ಡಪತ್ರೆ, ಹೊಲದ ತುಂಬೆ ಎಲ್ಲಾ ಇದೇ ಕುಟುಂಬ. ತುಳಸಿಗೆ ಕದಿರು ಬಲಿಯುವ ಮೊದಲೇ ಚಿವುಟಿದರೆ ಕವಲೊಡೆದು ಪೊದೆಯಾಗುತ್ತೆ, ಬಿಟ್ಟರೆ ಬೀಜ ಕಟ್ಟಿ ಒಣಗುತ್ತೆ ಅನ್ನುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಸಾಲ್ವಿಯಾದ ಗುಟ್ಟೂ ಅಷ್ಟೇ.

ಸಾಲ್ವಿಯಾದಲ್ಲಿ ಸಾವಿರದ ಹತ್ತಿರ ಜಾತಿಗಳಿವೆ. ಮೈಸೂರು, ಚಾಮರಾಜನಗರ ಕಡೆ ರೈತರು ಬೆಳೆಯುವ ಚಿಯಾ ಕೂಡ ಒಂದು ಸಾಲ್ವಿಯಾನೇ. ಮೈಸೂರಿನ ಸಿಎಫ್‌ಟಿಆರ್‌ಐ ಅದನ್ನು ರೈತರಿಗೆ ಪರಿಚಯಿಸಿತು. ಆದರೆ ಚಿಯಾ ಒಂದೇ ಬೆಳೆಗೆ ಮುಗಿಯುವ ಗಿಡ, ಕೂಳೆ ಬರಲ್ಲ. ಅದನ್ನೂ ಇದನ್ನೂ ಬೆರೆಸಬೇಡಿ.

ಯಾವುದು ಎಲ್ಲಿಗೆ?

ನಮ್ಮ ಕಡೆ ನರ್ಸರಿಗಳಲ್ಲಿ ಸಿಗುವುದು ಮುಖ್ಯವಾಗಿ ಐದು ಬಗೆ.

1. ನೀಲಿ ಸಾಲ್ವಿಯಾ. ಎರಡು ಅಡಿ ಎತ್ತರ. ತೆನೆಯ ಮೇಲೆ ಹಿಟ್ಟು ಚಿಮುಕಿಸಿದಂತೆ ಬೆಳ್ಳಗಿನ ಪುಡಿ ಇರುತ್ತೆ. ಇಡೀ ದಿನದ ಬಿಸಿಲು ಬೇಕು. ಬರ ತಡೆಯುತ್ತೆ. ಹೊಸಬರು ಇದರಿಂದ ಶುರು ಮಾಡುವುದು ಒಳ್ಳೆಯದು.

2. ಕೆಂಪು ಸಾಲ್ವಿಯಾ. ದಟ್ಟ ಕೆಂಪು, ದಪ್ಪ ತೆನೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇದಕ್ಕೆ ಹಿತ. ಏಪ್ರಿಲ್ ಬಿಸಿಲಿಗೆ ಬಣ್ಣ ಕೆಡುತ್ತೆ. ನೀಲಿಗಿಂತ ಹೆಚ್ಚು ನೀರು ಬೇಡುತ್ತೆ.

3. ತೆಳು ತೆನೆಯ ಕೆಂಪು ಸಾಲ್ವಿಯಾ. ಹೂವು ಬಿಡಿಬಿಡಿಯಾಗಿ ಇರುತ್ತೆ, ನೋಟಕ್ಕೆ ಬಡವ. ಆದರೆ ಗಟ್ಟಿಗ. ಬೀಜ ತಾನೇ ಉದುರಿ ಮಳೆಗೆ ತಾನೇ ಹುಟ್ಟುತ್ತೆ. ಸೂರಕ್ಕಿಗಳು ಇದಕ್ಕೆ ಮುತ್ತುತ್ತವೆ.

4. ನೇರಳೆ ಬಣ್ಣದ ಮೆಕ್ಸಿಕೊ ಸಾಲ್ವಿಯಾ. ಮೂರು ನಾಲ್ಕು ಅಡಿ ಪೊದೆ, ಮಖಮಲ್ಲಿನಂಥ ತೆನೆ. ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತೆ. ದಸರಾ ಕಳೆದ ಮೇಲೆ ಶುರುವಾದರೆ ಸಂಕ್ರಾಂತಿ ದಾಟುವವರೆಗೂ ಇರುತ್ತೆ. ಐದರಲ್ಲಿ ದೀರ್ಘಾಯುಷಿ ಇದೇ.

5. ಅಡುಗೆಗೆ ಬಳಸುವ ಸೇಜ್. ಬೂದು ಬಣ್ಣದ ಎಲೆ. ಇದರ ತೌರು ಮೆಡಿಟರೇನಿಯನ್ ಸಮುದ್ರದ ಸುತ್ತಿನ ಒಣ ನಾಡು. ನಮ್ಮ ಮಳೆಗಾಲ ಇದಕ್ಕೆ ಆಗಿಬರಲ್ಲ. ಕುಂಡದಲ್ಲಿ ನೆಟ್ಟು ಸೂರಿನ ಕೆಳಗೆ ಇಟ್ಟರೆ ಮಾತ್ರ ಉಳಿಯುತ್ತೆ.

ನೀರು ನಿಂತ ವರ್ಷ, ನೀರಿಲ್ಲದ ವರ್ಷ

ಮೊದಲ ವರ್ಷದ 19 ಗಿಡದಿಂದ ಕಡ್ಡಿ ಊರಿ 2022ರ ಜೂನ್ ಹೊತ್ತಿಗೆ ಇನ್ನೂರು ಗಿಡ ಮಾಡಿದ್ದೆ. ಬದುವಿನಲ್ಲಿ ಜಾಗ ಸಾಲಲಿಲ್ಲ. ಸೊಪ್ಪು ತರಕಾರಿಗೆ ಮಾಡುವ ಹಂಗೆ ತಗ್ಗಿನ ಪಾತಿ ಮಾಡಿ ನೆಟ್ಟೆ. ಗಿಡ ಬಹಳ ಚೆನ್ನಾಗಿ ಬಂತು. ಆ ವರ್ಷ ಸೆಪ್ಟೆಂಬರ್ ಮೊದಲ ವಾರದ ಮಳೆ ಬೆಂಗಳೂರಿನವರಿಗೆ ನೆನಪಿದೆ. ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆ ಎಲ್ಲಾ ಕೆರೆಯಾಗಿ, ಐಟಿ ಕಂಪನಿಯವರು ಟ್ರಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ನನ್ನ ಪಾತಿಯಲ್ಲಿ ಮೂರು ದಿನ ನೀರು ನಿಂತಿತು. ನಾಲ್ಕನೇ ದಿನ ಬಿಸಿಲು ಬಂದಾಗ ಗಿಡಗಳು ತಲೆ ಬಾಗಿಸಿದವು.

ಇಲ್ಲಿ ನಾನು ಮಾಡಿದ ತಪ್ಪು ಕೇಳಿ. ಗಿಡ ಬಾಡಿದೆ, ನೀರು ಸಾಲದು ಅಂತ ಇನ್ನೂ ನೀರು ಬಿಟ್ಟೆ! ಬೇರು ಕೊಳೆತದ್ದಕ್ಕೆ ಬಾಡಿತ್ತು, ನನಗೆ ತಿಳಿಯಲಿಲ್ಲ. ಇನ್ನೂರರಲ್ಲಿ ಉಳಿದದ್ದು 30. ಆದರೆ ಬದುವಿನ ಮೇಲಿನ ಹಳೆಯ 19 ಗಿಡಕ್ಕೆ ಏನೂ ಆಗಲಿಲ್ಲ. ಒಂದೇ ಮಳೆ, ಒಂದೇ ಮಣ್ಣು. ವ್ಯತ್ಯಾಸ ಒಂದು ಅಡಿ ಎತ್ತರದ್ದು.

ಮುಂದಿನ ವರ್ಷ ಪಾತಿ ಬಿಟ್ಟು ಏರುಮಡಿ ಮಾಡಿದೆ. 2024ರ ಬೇಸಿಗೆಗೆ ಅದರ ಉಲ್ಟಾ ಪರೀಕ್ಷೆ. ಬೋರ್‌ವೆಲ್‌ಗಳು ಬತ್ತಿದವು. ಆ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯವರು ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿದರು. ನಾನು ಪಾತ್ರೆ ತೊಳೆದ ನೀರನ್ನು ವಾರಕ್ಕೆ ಒಂದು ಸಲ, ಗಿಡಕ್ಕೆ ಒಂದು ಚೆಂಬಿನ ಲೆಕ್ಕದಲ್ಲಿ ಹಾಕಿದೆ. ಬುಡಕ್ಕೆ ಅವರೆ ಹೊಟ್ಟು ಹೊದಿಸಿದ್ದೆ. ಹೂ ನಿಂತಿತು, ಎಲೆ ಉದುರಿತು, ಆದರೆ ನೀಲಿ ಗಿಡ ಸಾಯಲಿಲ್ಲ. ಮೇ ತಿಂಗಳ ಮಳೆ ಬಿದ್ದ ಮೇಲೆ ಸವರಿದೆ, ಮತ್ತೆ ಚಿಗುರಿತು. ಕೆಂಪು ಸಾಲ್ವಿಯಾ ಮಾತ್ರ ಅರ್ಧಕ್ಕರ್ಧ ಹೋಯ್ತು.

ಎರಡು ವರ್ಷದ ಪಾಠ ಇಷ್ಟು. ನೀಲಿ ಸಾಲ್ವಿಯಾ ನೀರಿಲ್ಲದ ಎರಡು ತಿಂಗಳು ತಡೆಯುತ್ತೆ, ನೀರು ನಿಂತ ಮೂರು ದಿನ ತಡೆಯಲ್ಲ.

ಮಣ್ಣು ಮತ್ತು ನಾಟಿ

ನಮ್ಮ ಕೆಂಪು ಮಣ್ಣು, ಗರಸು ಬೆರೆತ ನೆಲ ಸಾಲ್ವಿಯಾಕ್ಕೆ ಹೇಳಿ ಮಾಡಿಸಿದ್ದು. ಜೇಡಿ ಇದ್ದರೆ ಮರಳು, ಗೊಬ್ಬರ ಸೇರಿಸಿ ಒಂದು ಅಡಿ ಏರಿಸಿ. ಮಡಿಯ ಅಗಲ ಮೂರು ಅಡಿ, ಪಕ್ಕದಲ್ಲಿ ನೀರು ಹರಿದುಹೋಗಲು ಒಂದು ಅಡಿ ಕಾಲುವೆ.

ಕಂಪನಿ, ಅಪಾರ್ಟ್‌ಮೆಂಟುಗಳ ಕಥೆ ಬೇರೆ. ಅಲ್ಲಿ ಎರಡು ತೊಂದರೆ. ಒಂದು, ಪಾಯ ತೋಡಿದ ಅಡಿಮಣ್ಣಿಗೆ ಸಿಮೆಂಟು, ಗಾರೆ, ಇಟ್ಟಿಗೆ ಚೂರು ಬೆರೆತಿರುತ್ತೆ. ಅಂಥ ಕಡೆ ಒಂದು ಅಡಿ ಆಳ ತೆಗೆದು ಹೊಲದ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬದೆ ನೆಟ್ಟರೆ ಗಿಡ ಹಳದಿಯಾಗಿಯೇ ಇರುತ್ತೆ. ಎರಡು, ಕೆಳಗೆ ಕಾರು ನಿಲ್ಲಿಸುವ ನೆಲಮಾಳಿಗೆ, ಮೇಲೆ ಒಂದೂವರೆ ಅಡಿ ಮಣ್ಣು. ನೀರು ಬಸಿಯುವ ಕೊಳವೆ ಕಟ್ಟಿಕೊಂಡರೆ ಇಡೀ ತೋಟ ಒಂದು ತಟ್ಟೆ ಇದ್ದಂಗೆ. ಮಳೆಗಾಲಕ್ಕೆ ಮುಂಚೆ ಆ ಕೊಳವೆ ಬಿಡಿಸಬೇಕು.

ನಾಟಿಗೆ ಮೃಗಶಿರದಿಂದ ಪುನರ್ವಸು ಮಳೆವರೆಗೆ, ಅಂದರೆ ಜೂನ್ ಎರಡನೇ ವಾರದಿಂದ ಜುಲೈ ಮೂರನೇ ವಾರದವರೆಗೆ ಒಳ್ಳೆಯ ಕಾಲ. ಅಂತರ ಹೀಗಿರಲಿ: ದಪ್ಪ ಕೆಂಪು ಒಂದು ಅಡಿ, ನೀಲಿ ಮತ್ತು ತೆಳು ಕೆಂಪು ಒಂದೂವರೆ ಅಡಿ, ಮೆಕ್ಸಿಕೊ ನೇರಳೆ ಮೂರು ಅಡಿ. ಮೊದಲು ಬಿಕೋ ಅನ್ನಿಸುತ್ತೆ. ಕಂಪನಿಯವರು ಅದಕ್ಕೇ ಒತ್ತೊತ್ತಾಗಿ ನೆಡಿಸುತ್ತಾರೆ. ಒತ್ತಾದರೆ ಗಾಳಿ ಆಡಲ್ಲ, ಒಳಗೆ ಎಲೆ ಕೊಳೆಯುತ್ತೆ. ಎರಡು ತಿಂಗಳು ತಾಳಿ, ತಾನೇ ತುಂಬಿಕೊಳ್ಳುತ್ತೆ.

ಗುಂಡಿಗೆ ಎರಡು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರ, ಅರ್ಧ ಹಿಡಿ ಬೇವಿನ ಹಿಂಡಿ ಸಾಕು. ಸಸಿ ಕವರಿನಲ್ಲಿ ಯಾವ ಮಟ್ಟದಲ್ಲಿತ್ತೋ ಅದೇ ಮಟ್ಟಕ್ಕೆ ನೆಡಿ. ಕುತ್ತಿಗೆ ಹೂಳಬೇಡಿ. ಯೂರಿಯಾ ಕೊಟ್ಟರೆ ಗಿಡ ಸೊಪ್ಪಾಗಿ ಉಬ್ಬುತ್ತೆ, ತೆನೆ ಕಮ್ಮಿ ಆಗುತ್ತೆ, ಗಾಳಿಗೆ ಮಲಗುತ್ತೆ. ಒಣಬೇಸಾಯದ ಗಿಡಕ್ಕೆ ಮದುವೆ ಊಟ ಹಾಕಬಾರದು.

ನೀರು, ಹೊದಿಕೆ

ನೆಟ್ಟ ಮೊದಲ ವಾರ ದಿನಾ, ಮುಂದಿನ ಮೂರು ವಾರ ದಿನ ಬಿಟ್ಟು ದಿನ. ಆಮೇಲೆ ನೀಲಿಗೆ ವಾರಕ್ಕೊಮ್ಮೆ, ಕೆಂಪಿಗೆ ವಾರಕ್ಕೆ ಎರಡು ಸಲ. ಬೇಸಿಗೆಯಲ್ಲಿ ಇದರ ದುಪ್ಪಟ್ಟು ಸಿಕ್ಕರೆ ಹೂ ನಿಲ್ಲಲ್ಲ. ದಿನಾ ಚಿಮುಕಿಸುವುದಕ್ಕಿಂತ ಬಿಟ್ಟು ಬಿಟ್ಟು ಆಳಕ್ಕೆ ಇಳಿಯುವಂತೆ ಕೊಡುವುದು ಮೇಲು. ಮೇಲೆ ಮೇಲೆ ನೀರು ಕೊಟ್ಟರೆ ಬೇರೂ ಮೇಲೆಯೇ ಕೂರುತ್ತೆ, ನೀರು ನಿಂತ ದಿನ ಗಿಡವೂ ನಿಲ್ಲುತ್ತೆ.

ನೀರು ಬೇಕೋ ಬೇಡವೋ ತಿಳಿಯಲು ಒಂದು ಸುಲಭ ಪರೀಕ್ಷೆ. ಮಧ್ಯಾಹ್ನ ಬಾಡಿದ ಗಿಡ ಸಾಯಂಕಾಲಕ್ಕೆ ಎದ್ದರೆ ಅದು ಬಿಸಿಲಿನ ಆಯಾಸ, ಸುಮ್ಮನಿರಿ. ಬೆಳಗ್ಗೆಯೇ ಬಾಡಿದ್ದರೆ ಬುಡಕ್ಕೆ ಬೆರಳು ಇಳಿಸಿ ನೋಡಿ. ಒಣಗಿದ್ದರೆ ನೀರು ಕೊಡಿ. ಒದ್ದೆಯಿದ್ದೂ ಬಾಡಿದ್ದರೆ ಬೇರಿಗೆ ತೊಂದರೆ ಅಂತ ತಿಳಿಯಿರಿ. ನೀರು ನಿಲ್ಲಿಸಿ, ಕಾಲುವೆ ತೆರೆದು ಬಸಿಯಲು ಬಿಡಿ. ನನ್ನ 170 ಗಿಡ ಹೋದದ್ದು ಈ ಒಂದು ಬೆರಳು ಇಳಿಸದೆ.

ಹೊದಿಕೆಗೆ ಅವರೆ ಹೊಟ್ಟು, ಹುರುಳಿ ಹೊಟ್ಟು, ತರಗು ಯಾವುದಾದರೂ ಆದೀತು, ಎರಡು ಮೂರು ಇಂಚು ದಪ್ಪ. ಕಾಂಡಕ್ಕೆ ತಾಗದಂತೆ ಸುತ್ತ ನಾಲ್ಕು ಬೆರಳು ಜಾಗ ಬಿಡಿ. ತಾಗಿದರೆ ಮಳೆಗಾಲದಲ್ಲಿ ಕುತ್ತಿಗೆ ಕೊಳೆಯುತ್ತೆ.

ಅಪಾರ್ಟ್‌ಮೆಂಟುಗಳಲ್ಲಿ ಶುದ್ಧೀಕರಿಸಿದ ಕೊಳಚೆ ನೀರನ್ನೇ ತೋಟಕ್ಕೆ ಬಿಡುತ್ತಾರೆ. ಅದು ತಪ್ಪಲ್ಲ, ಕಾವೇರಿ ನೀರು ಉಳಿಯುತ್ತೆ. ಆದರೆ ಉಪ್ಪಿನಂಶ ಇದ್ದರೆ ಎಲೆಯ ಅಂಚು ಸುಟ್ಟಂತಾಗಿ ಮಣ್ಣಿನ ಮೇಲೆ ಬೆಳ್ಳಗೆ ಕಟ್ಟುತ್ತೆ. ಅಂಥ ಕಡೆ ಎಲೆ ಮೇಲೆ ಚಿಮುಕಿಸದೆ ಬುಡಕ್ಕೇ ಕೊಡಿ. ನೀರು ಬಸಿದುಹೋಗುವ ಮಡಿಯಾದರೆ ಒಳ್ಳೆಯ ಮಳೆ ಬಂದಾಗ ಉಪ್ಪು ತೊಳೆದುಹೋಗುತ್ತೆ.

ಸವರುವ ಲೆಕ್ಕ

ಬಹುವರ್ಷ ಉಳಿಸುವ ಗುಟ್ಟು ಕತ್ತರಿಯಲ್ಲಿದೆ. ಇದರಲ್ಲಿ ಮೂರು ಕೆಲಸ.

ಮೊದಲನೆಯದು, ಒಣ ತೆನೆ ತೆಗೆಯುವುದು. ತೆನೆಯ ಮುಕ್ಕಾಲು ಭಾಗ ಹೂ ಉದುರಿದಾಗ, ಕೆಳಗೆ ಜೋಡಿ ಎಲೆಯ ಕಂಕುಳಲ್ಲಿ ಪುಟ್ಟ ಚಿಗುರು ಕಾಣುತ್ತೆ. ಅದರ ಮೇಲಕ್ಕೆ ಕತ್ತರಿಸಿ. ಒಂದು ತೆನೆ ಇದ್ದ ಕಡೆ ಎರಡು ಬರುತ್ತೆ. ಬೀಜ ಕಟ್ಟಲು ಬಿಟ್ಟರೆ ಗಿಡದ ಶಕ್ತಿ ಬೀಜಕ್ಕೆ ಹೋಗಿ ಹೂ ನಿಲ್ಲುತ್ತೆ. ಕಂಪನಿಯವರು "ಮುಗೀತು" ಅಂತ ಕೀಳುವುದು ಸರಿಯಾಗಿ ಈ ಹಂತದಲ್ಲಿ.

ಎರಡನೆಯದು, ವರ್ಷಕ್ಕೊಮ್ಮೆ ದೊಡ್ಡ ಸವರುವಿಕೆ. ಕೃತ್ತಿಕೆ, ರೋಹಿಣಿ ಮಳೆ ಬಿದ್ದು ನೆಲ ತಣಿದ ಮೇಲೆ, ಮೇ ಮಧ್ಯದಿಂದ ಜೂನ್ ಮೊದಲ ವಾರದೊಳಗೆ. ನೀಲಿ ಮತ್ತು ತೆಳು ಕೆಂಪನ್ನು ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿ. ಉಳಿಸುವ ಕಡ್ಡಿಯಲ್ಲಿ ನಾಲ್ಕಾರು ಎಲೆ ಇಲ್ಲವೇ ಚಿಗುರಿನ ಗುರುತು ಇರಲೇಬೇಕು. ಬೋಳು ಕಟ್ಟಿಗೆಗೆ ಇಳಿಸಬೇಡಿ. ದಪ್ಪ ಕೆಂಪನ್ನು ಅರ್ಧಕ್ಕಿಂತ ಕೆಳಗೆ ಕತ್ತರಿಸಬಾರದು, ಅದು ಹಿಪ್ಪುನೇರಳೆಯಷ್ಟು ಗಟ್ಟಿ ಅಲ್ಲ. ಮಳೆ ಹನಿಯುವಾಗ ಕತ್ತರಿ ಹಾಕಬೇಡಿ, ಗಾಯದಲ್ಲಿ ಕೊಳೆ ಇಳಿಯುತ್ತೆ. ಸವರಿದ ಮೇಲೆ ಗಿಡಕ್ಕೆ ಎರಡು ಹಿಡಿ ಗೊಬ್ಬರ ಕೊಡಿ. ಎಂಟು ವಾರದಲ್ಲಿ ಹೂ ತಿರುಗಿ ಬರುತ್ತೆ.

ಮೂರನೆಯದು, ಮಖೆ ಮಳೆಯ ಹೊತ್ತಿಗೆ, ಆಗಸ್ಟ್ ಕೊನೆಗೆ, ಮೂರನೇ ಒಂದು ಭಾಗ ಮೇಲೆ ಮೇಲೆ ಸವರುವುದು. ದಸರಾ, ದೀಪಾವಳಿಗೆ ತುಂಬು ಹೂ.

ಮೆಕ್ಸಿಕೊ ನೇರಳೆಗೆ ಈ ಲೆಕ್ಕ ಇಲ್ಲ. ಅದನ್ನು ಹೂವೆಲ್ಲಾ ಮುಗಿದ ಮೇಲೆ, ಫೆಬ್ರವರಿಯಲ್ಲಿ ನೆಲಮಟ್ಟಕ್ಕೆ ಕತ್ತರಿಸಿ. ಬುಡದಿಂದ ಹೊಸ ಕಡ್ಡಿ ಎದ್ದು ಬರುತ್ತೆ. ಆಗಸ್ಟ್ ನಂತರ ಅದಕ್ಕೆ ಕತ್ತರಿ ಮುಟ್ಟಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ.

ಗಿಡ ಸತ್ತಿದೆಯೋ ಬದುಕಿದೆಯೋ ಅನುಮಾನ ಬಂದರೆ ಉಗುರಿನಿಂದ ಬುಡದ ತೊಗಟೆ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ. ಕೀಳುವ ಮೊದಲು ಇದೊಂದು ಪರೀಕ್ಷೆ ಮಾಡಿ.

ಮೂರು ಪಾಲಿನ ಉಪಾಯ

ಬಹುವರ್ಷ ಅಂದರೆ ಹುಣಸೆ ಮರದ ಹಂಗೆ ನೂರು ವರ್ಷ ಅಲ್ಲ. ಮೂರನೇ ವರ್ಷಕ್ಕೆ ಬುಡ ಕಟ್ಟಿಗೆಯಾಗಿ ನಡುವೆ ಬೋಳಾಗುತ್ತೆ. ಆದ್ದರಿಂದ ಪ್ರತಿ ವರ್ಷ ಮೂರರಲ್ಲಿ ಒಂದು ಪಾಲು ಹಳೆಯ ಗಿಡ ತೆಗೆದು ನಿಮ್ಮದೇ ಕಡ್ಡಿಯ ಸಸಿ ಹಾಕಿ. ತೋಟ ಎಂದೂ ಬರಿದಾಗಲ್ಲ, ಹೊರಗಿನಿಂದ ಕೊಳ್ಳುವುದೂ ಬೇಡ.

ಕಡ್ಡಿ ಊರುವ ಕ್ರಮ: ದೊಡ್ಡ ಸವರುವಿಕೆ ಆಗಿ ನಾಲ್ಕು ವಾರಕ್ಕೆ ಬರುವ ಹೊಸ ಚಿಗುರು ಬೇಕು. ತೆನೆ ಬಂದ ಕಡ್ಡಿ ಬೇಡ. ನಾಲ್ಕು ಇಂಚು ಉದ್ದ, ಗಿಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು ತುದಿಯ ಎರಡು ಜೊತೆ ಎಲೆ ಬಿಡಿ. ಅರ್ಧ ಮರಳು, ಅರ್ಧ ತೆಂಗಿನ ನಾರಿನ ಪುಡಿ ತುಂಬಿದ ಕವರಿನಲ್ಲಿ ಎರಡು ಇಂಚು ಊರಿ. ನೆರಳಿನಲ್ಲಿಟ್ಟು ತೇವ ಆರದಂತೆ ನೋಡಿ, ಕೆಸರು ಮಾಡಬೇಡಿ. ಮೂರು ವಾರಕ್ಕೆ ಬೇರು ಬರುತ್ತೆ. ನಾನು 40 ತಾಯಿಗಿಡದಿಂದ 400 ಕಡ್ಡಿ ಊರಿದರೆ 280ರಿಂದ 300 ಉಳಿಯುತ್ತೆ.

ಬೀಜದಿಂದಲೂ ಆಗುತ್ತೆ. ಪ್ರತಿ ಪುಷ್ಪಪಾತ್ರೆಯೊಳಗೆ ನಾಲ್ಕು ಪುಟ್ಟ ಬೀಜ ಇರುತ್ತೆ. ಬೀಜವನ್ನು ಆಳಕ್ಕೆ ಮುಚ್ಚಬಾರದು, ತೆಳ್ಳಗೆ ಗೊಬ್ಬರದ ಪುಡಿ ಉದುರಿಸಿದರೆ ಸಾಕು. ಎರಡು ವಾರದಲ್ಲಿ ಮೊಳೆಯುತ್ತೆ. ಹೈಬ್ರಿಡ್ ಗಿಡದ ಬೀಜ ತಾಯಿಯಂತೆ ಬರಲ್ಲ, ಕಡ್ಡಿಯೇ ನಂಬಿಕೆ.

ರೋಗ, ಕೀಟ

ಬೇಸಿಗೆಯಲ್ಲಿ ಎಲೆಯಡಿ ಕೆಂಪು ನುಸಿ ಬರುತ್ತೆ, ಎಲೆ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ. ಬೆಳಗ್ಗೆ ಎಲೆಯ ಕೆಳಮೈಗೆ ಜೋರಾಗಿ ನೀರು ಹೊಡೆದರೆ ಬಹಳಷ್ಟು ಹೋಗುತ್ತೆ. ಬಿಳಿನೊಣ, ಹಿಟ್ಟುತಿಗಣೆಗೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪು ಬೆರೆಸಿ ಸಾಯಂಕಾಲ ಸಿಂಪಡಿಸಿ. ಹೂವಿನ ಮೇಲೆ ಜೇನು ಕೂತಿರುವ ಹೊತ್ತಿನಲ್ಲಿ ಯಾವ ಔಷಧಿಯೂ ಬೇಡ.

ಜೇನಿನ ಮಾತು ಬಂತು, ಒಂದು ವಿಚಿತ್ರ ಹೇಳುತ್ತೇನೆ. ನೀಲಿ ಸಾಲ್ವಿಯಾದೊಳಗೆ ನಮ್ಮ ಹಳೆಯ ಬಾವಿಯ ಏತದಂಥ ಏರ್ಪಾಡಿದೆ. ಜೇನು ಮಕರಂದಕ್ಕೆ ತಲೆ ತೂರಿದಾಗ ಏತದ ಕೆಳತುದಿಯನ್ನು ತಳ್ಳುತ್ತೆ, ಮೇಲಿನ ತುದಿ ಬಾಗಿ ಅದರ ಬೆನ್ನಿಗೆ ಪರಾಗ ಬಳಿಯುತ್ತೆ. ಮುಂದಿನ ಹೂವಿಗೆ ಅದೇ ಬೆನ್ನಿನಲ್ಲಿ ಹೊತ್ತೊಯ್ಯುತ್ತೆ. ನಮ್ಮ ಹೀರೆ, ಕುಂಬಳದ ಪಕ್ಕದ ಬದುವಿಗೆ ನೀಲಿ ಸಾಲ್ವಿಯಾ ಹಾಕಿದ ಮೇಲೆ ತುಡುವೆ ಜೇನು ಬೇಸಿಗೆಯಲ್ಲೂ ಹೊಲ ಬಿಟ್ಟು ಹೋಗುವುದಿಲ್ಲ. ಸುತ್ತ ಕಾಂಕ್ರೀಟಾದ ಊರಲ್ಲಿ ಅದೂ ಒಂದು ಲಾಭ.

ಆಸೆಗೆ ಬಿದ್ದು ಎಕರೆ ಹಾಕಬೇಡಿ

ಸಣ್ಣ ರೈತರಿಗೆ ಒಂದು ಎಚ್ಚರಿಕೆ. ಸಾಲ್ವಿಯಾ ಕೆ.ಆರ್. ಮಾರುಕಟ್ಟೆಗೆ ಕೇಜಿ ಲೆಕ್ಕದಲ್ಲಿ ಹೋಗುವ ಹೂವಲ್ಲ. ಇದನ್ನು ಯಾರೂ ಮಾಲೆ ಕಟ್ಟಲ್ಲ. ಮಾರುವುದು ಸಸಿ ಮಾತ್ರ. ಲಾಲ್‌ಬಾಗಿನ ಪಕ್ಕದ ಸಿದ್ದಾಪುರದ ನರ್ಸರಿಗಳಂಥ ದೊಡ್ಡ ವ್ಯಾಪಾರಸ್ಥರ ಜೊತೆ ನಾವು ಪೈಪೋಟಿ ಮಾಡಲಾರೆವು. ಬದು, ಅಂಗಳ, ಕಾಲು ಗುಂಟೆ ಸಾಕು. ಒಂದು ಗುಂಟೆ ಅಂದರೆ 1,089 ಚದರ ಅಡಿ, ದಾರಿ ಬಿಟ್ಟು 350 ನೀಲಿ ಗಿಡ ಹಿಡಿಯುತ್ತೆ. ಅಷ್ಟು ತಾಯಿಗಿಡ ಒಂದು ಮನೆಗೆ ಜಾಸ್ತಿಯೇ.

ನನಗೂ ಒಂದು ಪೆಟ್ಟು ಬಿತ್ತು. ಒಬ್ಬ ಗುತ್ತಿಗೆದಾರರು 600 ಸಸಿ ಬೇಕು ಅಂದರು, ಬಾಯಿಮಾತು. ತಯಾರಾದ ಮೇಲೆ 200 ಒಯ್ದು ಉಳಿದದ್ದಕ್ಕೆ ತಿರುಗಿ ನೋಡಲಿಲ್ಲ. ಕವರಿನಲ್ಲೇ ಬೇರು ಸುತ್ತಿಕೊಂಡು ಸಸಿ ಕೆಟ್ಟವು. ಈಗ ಅರ್ಧ ಹಣ ಮುಂಗಡ ಇಲ್ಲದೆ ಕಡ್ಡಿ ಊರಲ್ಲ. ಅದಕ್ಕಿಂತ ಅಪಾರ್ಟ್‌ಮೆಂಟಿನ ಮನೆಗಳಿಗೆ ಹತ್ತು, ಇಪ್ಪತ್ತರ ಲೆಕ್ಕದಲ್ಲಿ ಸಸಿಗೆ 15 ರೂಪಾಯಿಯಂತೆ ಕೊಡುವುದೇ ನೆಮ್ಮದಿ. ಕೊಡುವಾಗ ಎರಡು ಮಾತು ಹೇಳಿ ಕೊಡುತ್ತೇನೆ: ನೀರು ನಿಲ್ಲಿಸಬೇಡಿ, ಹೂ ಮುಗಿದರೆ ಕೀಳಬೇಡಿ, ಕತ್ತರಿಸಿ. ಹೀಗೆ ಹೇಳಿದರೆ ಮುಂದಿನ ವರ್ಷ ನಿನ್ನ ಸಸಿ ಯಾರು ಕೊಳ್ಳುತ್ತಾರೆ ಅಂತ ಪಕ್ಕದ ಹೊಲದವರು ನಗುತ್ತಾರೆ. ಗಿಡ ಉಳಿದ ಮನೆಯವರೇ ನಾಲ್ಕು ಹೊಸ ಮನೆಯವರನ್ನು ಕರೆತಂದಿದ್ದಾರೆ.

ನಮ್ಮ ಮನೆಯವಳು ಕೆಲಸ ಮಾಡುವ ಕಡೆ ಈಗ ಮೇಲ್ವಿಚಾರಕರು ಒಂದು ಸಾಲನ್ನು ಕೀಳದೆ ಬಿಟ್ಟಿದ್ದಾರೆ. ಅವಳೇ ಹೋಗಿ ಕೇಳಿಕೊಂಡಿದ್ದು. ಕಳೆದ ರೋಹಿಣಿ ಮಳೆಗೆ ಅವಳೇ ಸವರಿದಳು. ಆ ಸಾಲು ಆಗಸ್ಟ್ 15ಕ್ಕೆ ಹೂ ತುಂಬಿ ನಿಂತಿತ್ತು.

ನಿಮ್ಮೂರಿನ ಹತ್ತಿರ ಯಾವುದಾದರೂ ಕಾಂಪೌಂಡಿನ ಹಿಂದೆ ಒಣ ಸಾಲ್ವಿಯಾ ಗುಡ್ಡೆ ಬಿದ್ದಿದ್ದರೆ ಕೇಳಿ ತನ್ನಿ. ಉಗುರಿನಿಂದ ಕೆರೆದು ನೋಡಿ, ಹಸಿರು ಕಂಡರೆ ಗೇಣುದ್ದ ಬಿಟ್ಟು ಕತ್ತರಿಸಿ ಬದುವಿನ ಮೇಲೆ ನೆಡಿ. ಎಷ್ಟು ಚಿಗುರಿದವು ಅಂತ ಪತ್ರಿಕೆಗೆ ಬರೆಯಿರಿ.